ನಾಲ್ಕೂ ಒಳ್ಳೆಯ ಟೈರೇ ಆಗಿರುವಾಗ ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ನನ್ನ ರೋಡ್ ಬೈಕಿನ ಟೈರು ಬದಲಾಯಿಸುವ ಹೊತ್ತು ಬಂದಿದೆ. ಈಗಿರುವುದು 25 ಮಿ.ಮೀ. ಟೈರು, ಸಾಮಾನ್ಯ ಬ್ಯುಟೈಲ್ (ಕೃತಕ ರಬ್ಬರಿನ) ಟ್ಯೂಬು. ಎರಡೂ ಚಕ್ರಕ್ಕೆ 100 ಪಿಎಸ್‌ಐ ಗಾಳಿ ಹಾಕುತ್ತೇನೆ. ಡಿಸ್ಕ್ ಬ್ರೇಕು, ಹುಕ್ (ಟೈರಿನ ಅಂಚನ್ನು ಹಿಡಿದಿಡುವ ಒಳಬಾಗಿದ ತುದಿ) ಇರುವ ರಿಮ್ಮು, ರಿಮ್ಮಿನ ಒಳ ಅಗಲ 21 ಮಿ.ಮೀ. ಫ್ರೇಮಿನಲ್ಲಿ 32 ಮಿ.ಮೀ. ಟೈರಿನವರೆಗೆ ಜಾಗವಿದೆ ಎಂದು ಕಂಪನಿ ಹೇಳುತ್ತದೆ. ನನ್ನ ತೂಕ 70 ಕೆ.ಜಿ. ವಾರಕ್ಕೆ ಸುಮಾರು 150 ಕಿ.ಮೀ. ಓಡಿಸುತ್ತೇನೆ, ಮಳೆಯಲ್ಲೂ. ಕಾಂಟಿನೆಂಟಲ್ ಗ್ರಾಂಡ್ ಪ್ರಿ 5000 ಎಸ್ ಟಿಆರ್, ವಿಟ್ಟೋರಿಯಾ ಕೋರ್ಸಾ ನೆಕ್ಸ್ಟ್, ಶ್ವಾಲ್ಬೆ ಪ್ರೊ ಒನ್ ಟಿಎಲ್‌ಇ, ಪಿರೆಲ್ಲಿ ಪಿ ಝೀರೋ ರೇಸ್ ಟಿಎಲ್‌ಆರ್: ಈ ನಾಲ್ಕರಲ್ಲಿ ಯಾವುದೆಂದು ತೀರ್ಮಾನಕ್ಕೆ ಬರಲು ಆಗುತ್ತಿಲ್ಲ. ಒಂದರ ಟಿಪಿಐ 220, ಇನ್ನೊಂದರದು 67. ಪರೀಕ್ಷೆಯ ಪಟ್ಟಿಗಳಲ್ಲಿ ನೋಡಿದರೆ ಒಂದರಿಂದ ಮೂರು ವ್ಯಾಟ್ ವ್ಯತ್ಯಾಸ. ಯಾವುದನ್ನು ಕೊಳ್ಳಲಿ? ಟ್ಯೂಬ್‌ಲೆಸ್ ಮಾಡಿಸಲೇಬೇಕೇ?

ಉತ್ತರ: ತೀರ್ಮಾನ ಮೊದಲು, ಕಾರಣ ಆಮೇಲೆ. ಟ್ಯೂಬ್‌ಲೆಸ್‌ಗೆ ಹೋಗುವುದಾದರೆ ಗ್ರಾಂಡ್ ಪ್ರಿ 5000 ಎಸ್ ಟಿಆರ್, 28 ಮಿ.ಮೀ., ಎರಡೂ ಚಕ್ರಕ್ಕೆ. ಟ್ಯೂಬಿನಲ್ಲೇ ಇರುವುದಾದರೆ ಅದೇ 5000ದ ಟ್ಯೂಬ್ ಮಾದರಿ, 28 ಮಿ.ಮೀ., ಒಳಗೆ ಲೇಟೆಕ್ಸ್ (ನೈಸರ್ಗಿಕ ರಬ್ಬರಿನ) ಅಥವಾ ಟಿಪಿಯು (ತೆಳು ಪ್ಲಾಸ್ಟಿಕ್ಕಿನ) ಟ್ಯೂಬು. ನೀವು ಓಡಿಸುವ ರಸ್ತೆಯಲ್ಲಿ ಚೂಪು ಜಲ್ಲಿ ಹೆಚ್ಚಿದ್ದು, ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಸೀಳುವುದೇ ದೊಡ್ಡ ತಲೆನೋವಾಗಿದ್ದರೆ ಪಿರೆಲ್ಲಿ. ಆದರೆ ಈ ನಾಲ್ಕರಲ್ಲಿ ಯಾವುದು ಎಂಬುದಕ್ಕಿಂತ ಹೆಚ್ಚು ಫಲ ಕೊಡುವ ಮೂರು ಬದಲಾವಣೆಗಳು ನಿಮ್ಮ ಪ್ರಶ್ನೆಯೊಳಗೇ ಇವೆ: 25ರಿಂದ 28ಕ್ಕೆ ಹೋಗುವುದು, 100 ಪಿಎಸ್‌ಐಯನ್ನು 65ರ ಆಸುಪಾಸಿಗೆ ಇಳಿಸುವುದು, ಬ್ಯುಟೈಲ್ ಟ್ಯೂಬನ್ನು ತೆಗೆದುಹಾಕುವುದು. ಈ ಮೂರನ್ನು ಮಾಡದೆ ಎಷ್ಟೇ ದುಬಾರಿ ಟೈರು ಹಾಕಿದರೂ ಅದರ ಗುಣ ನಿಮಗೆ ಸಿಗುವುದಿಲ್ಲ.

ವ್ಯಾಟ್ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಟೈರು ಉರುಳುವಾಗ ನಷ್ಟವಾಗುವ ಶಕ್ತಿಯನ್ನು ಕಂಡುಹಿಡಿಯಲು ರೋಲಿಂಗ್ ರೆಸಿಸ್ಟೆನ್ಸ್‌ನ ಗುಣಾಂಕ, ಒಟ್ಟು ತೂಕ, 9.81 ಮತ್ತು ವೇಗ, ಈ ನಾಲ್ಕನ್ನೂ ಗುಣಿಸಬೇಕು. ನಿಮ್ಮ 70 ಕೆ.ಜಿ.ಗೆ ಬೈಕು, ನೀರು, ಬಟ್ಟೆ ಎಲ್ಲ ಸೇರಿ ಇನ್ನೊಂದು 10 ಕೂಡಿಸಿದರೆ 80. ಗಂಟೆಗೆ 30 ಕಿ.ಮೀ. ಎಂದರೆ ಸೆಕೆಂಡಿಗೆ 8.33 ಮೀಟರ್. ಗುಣಾಂಕ 0.004 ಆದರೆ ಎರಡೂ ಟೈರು ಸೇರಿ 26 ವ್ಯಾಟ್, 0.003 ಆದರೆ ಸುಮಾರು 20 ವ್ಯಾಟ್. ಅಂದರೆ ಗುಣಾಂಕದಲ್ಲಿ 0.0005 ಕಡಿಮೆಯಾದರೆ ನಿಮಗೆ ಸಿಗುವುದು 3.3 ವ್ಯಾಟ್. ಗಾಳಿಗೆ ಮೈಯೊಡ್ಡಿ ಒಬ್ಬರೇ ಹೋಗುವಾಗ ಆ ವೇಗಕ್ಕೆ ಸುಮಾರು 150 ವ್ಯಾಟ್ ಬೇಕು. ಅದರಲ್ಲಿ 3.3 ಉಳಿದರೆ 40 ಕಿ.ಮೀ. ದೂರಕ್ಕೆ ಉಳಿಯುವುದು ಸರಿಸುಮಾರು 40 ಸೆಕೆಂಡು. ರೇಸಿನಲ್ಲಿ ಅದು ದೊಡ್ಡದು. ವಾರದ ಸವಾರಿಯಲ್ಲಿ ಒಂದು ಪಂಕ್ಚರ್ ಸರಿಮಾಡಲು ಹಿಡಿಯುವ ಹತ್ತು ನಿಮಿಷದ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಪಟ್ಟಿ ಓದುವಾಗ ಎರಡು ವಿಷಯ ಗಮನಿಸಿ. ಅಲ್ಲಿ ಕೊಡುವ ವ್ಯಾಟ್ ಸಾಮಾನ್ಯವಾಗಿ ಒಂದೇ ಟೈರಿನದು, ಸುಮಾರು 40 ಕೆ.ಜಿ. ಭಾರ ಹಾಕಿ ಅಳೆದದ್ದು. ಬೈಕಿಗೆ ಅನ್ವಯಿಸುವಾಗ ದುಪ್ಪಟ್ಟು ಮಾಡಬೇಕು. ಎರಡನೆಯದು, ಅಳೆಯುವುದು ಉಕ್ಕಿನ ಡ್ರಮ್ಮಿನ ಮೇಲೆ. ಡ್ರಮ್ಮಿನ ಮೇಲೆ ಗಾಳಿ ಹೆಚ್ಚಿಸಿದಷ್ಟೂ ನಷ್ಟ ಇಳಿಯುತ್ತಲೇ ಹೋಗುತ್ತದೆ, ಏಕೆಂದರೆ ಅಲ್ಲಿ ನಷ್ಟವೆಲ್ಲ ಟೈರಿನ ರಬ್ಬರು ಮತ್ತು ಬಟ್ಟೆ ಮಡಿಚಿ ಬಿಚ್ಚಿಕೊಳ್ಳುವುದರಲ್ಲಿ ಮಾತ್ರ. ನಿಜವಾದ ಡಾಂಬರಿನ ಮೇಲೆ ಹಾಗಲ್ಲ. ಒಂದು ಮಿತಿ ದಾಟಿದ ಮೇಲೆ ಗಟ್ಟಿ ಟೈರು ಪ್ರತಿ ಉಬ್ಬಿಗೂ ನಿಮ್ಮನ್ನೂ ಬೈಕನ್ನೂ ಸೇರಿಸಿ ಮೇಲೆತ್ತುತ್ತದೆ, ಆ ಕುಲುಕಾಟದಲ್ಲಿ ಶಕ್ತಿ ಸೋರಿಹೋಗುತ್ತದೆ. ಮಿತಿಗಿಂತ 5 ಪಿಎಸ್‌ಐ ಕಡಿಮೆಯಾದರೆ ಆಗುವ ನಷ್ಟ ಅತ್ಯಲ್ಪ, 5 ಹೆಚ್ಚಾದರೆ ಆಗುವ ನಷ್ಟ ಅದಕ್ಕಿಂತ ಬಹಳ ಹೆಚ್ಚು. ಒರಟು ರಸ್ತೆಯಲ್ಲಿ 100 ಪಿಎಸ್‌ಐ ವೇಗವಾಗಿದೆ ಎನಿಸುವುದು ಕೈಗೆ ತಾಗುವ ಕಂಪನದಿಂದ. ಕಂಪನ ಜಾಸ್ತಿಯಾದಾಗ ವೇಗ ಜಾಸ್ತಿಯಾದಂತೆ ಮೈಗೆ ತೋರುತ್ತದೆ, ಅಷ್ಟೇ.

ಇನ್ನು ಟಿಪಿಐ, ಅಂದರೆ ಟೈರಿನ ರಬ್ಬರಿನೊಳಗಿನ ಬಟ್ಟೆಯ ಒಂದು ಇಂಚಿನಲ್ಲಿರುವ ದಾರಗಳ ಸಂಖ್ಯೆ. ಈ ಅಂಕಿಯನ್ನು ಕಂಪನಿಯಿಂದ ಕಂಪನಿಗೆ ಹೋಲಿಸಲೇಬೇಡಿ. ಗ್ರಾಂಡ್ ಪ್ರಿ 5000ದ ಟ್ಯೂಬ್ ಮಾದರಿಗೆ 330 ಎಂದು ಬರೆದಿರುವುದು 110 ದಾರದ ಮೂರು ಪದರಗಳನ್ನು ಕೂಡಿಸಿ. ಎಸ್ ಟಿಆರ್‌ನ 220 ಎರಡು ಪದರದ ಮೊತ್ತ. ಪಿರೆಲ್ಲಿಯ 120, ವಿಟ್ಟೋರಿಯಾ ನೆಕ್ಸ್ಟ್‌ನ 100, ಶ್ವಾಲ್ಬೆಯ 67 ಎಲ್ಲವೂ ಒಂದೇ ಪದರದ ಲೆಕ್ಕ. ಪದರಗಳನ್ನು ಬದಿಗಿಟ್ಟರೂ ದಾರದ ದಪ್ಪ, ಅದಕ್ಕೆ ಲೇಪಿಸಿದ ರಬ್ಬರಿನ ಪ್ರಮಾಣ, ದಾರದ ಜಾತಿ ಇವೆಲ್ಲ ಬೇರೆ ಬೇರೆ. 67ರ ಪ್ರೊ ಒನ್ ಕೈಯಲ್ಲಿ ಮೃದುವಾಗಿಯೇ ಇದೆ. ಟೈರಿನ ಬಟ್ಟೆ ಎಷ್ಟು ಮೃದು ಎಂದು ತಿಳಿಯಬೇಕಾದರೆ ಟೈರನ್ನು ಕೈಗೆತ್ತಿಕೊಂಡು ಸೈಡ್‌ವಾಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮಡಿಚಿ ನೋಡಿ. ಕಾಗದದಂತೆ ಸುಲಭವಾಗಿ ಮಡಿಚಿಕೊಂಡು, ಬಿಟ್ಟಾಗ ತಕ್ಷಣ ಹಿಂದಕ್ಕೆ ಬಂದರೆ ನಷ್ಟ ಕಡಿಮೆ. ಮಡಿಕೆ ದಪ್ಪಗಾಗಿ, ನಿಧಾನವಾಗಿ ಬಿಚ್ಚಿಕೊಂಡರೆ ಒಳಗೆ ರಬ್ಬರು ಹೆಚ್ಚಿದೆ ಎಂದು ಅರ್ಥ. ಅದು ಉರುಳಲು ತುಸು ಭಾರ, ಕಲ್ಲಿಗೆ ತುಸು ಗಟ್ಟಿ. ಈ ಕೊಡುಕೊಳ್ಳುವಿಕೆಯಿಂದ ಯಾವ ಕಂಪನಿಯೂ ಪಾರಾಗಿಲ್ಲ.

ಹತ್ತಿಯ ಬಟ್ಟೆಯ ಟೈರುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ವಿಟ್ಟೋರಿಯಾ ಕೋರ್ಸಾ ಪ್ರೊ ಆ ಜಾತಿಯದು. ಓಟ ಸೊಗಸು, ಮೂಲೆಗಳಲ್ಲಿ ನಂಬಿಕೆ ಹೆಚ್ಚು. ಆದರೆ ಹತ್ತಿ ಒದ್ದೆಯಾಗಿ ಹಾಗೇ ಉಳಿದರೆ ಕೊಳೆಯುತ್ತದೆ, ಸೈಡ್‌ವಾಲ್ ಬೇಗ ಗೀಚಿಹೋಗುತ್ತದೆ. ಮಳೆಯಲ್ಲೂ ಓಡಿಸುವ ನಿಮಗೆ ಅದು ಬೇಡ. ಕೋರ್ಸಾ ನೆಕ್ಸ್ಟ್ ಬಂದದ್ದೇ ಈ ಕಾರಣಕ್ಕೆ: ಕೋರ್ಸಾದ ಗ್ರಾಫೀನ್ ಮತ್ತು ಸಿಲಿಕಾ ಬೆರೆತ ರಬ್ಬರು, ಆದರೆ ಹತ್ತಿಯ ಬದಲು ನೈಲಾನ್ ಬಟ್ಟೆ.

ಈಗ ನಾಲ್ಕನ್ನೂ ಒಂದೊಂದಾಗಿ ನೋಡೋಣ.

5000 ಎಸ್ ಟಿಆರ್ 2021ರಲ್ಲಿ ಬಂತು. ಡ್ರಮ್ಮಿನ ಪರೀಕ್ಷೆಗಳಲ್ಲಿ ಈ ನಾಲ್ಕರಲ್ಲಿ ಮುಂದಿರುವುದು ಇದೇ, ಸವೆತದಲ್ಲೂ ಚೆನ್ನಾಗಿ ತಾಳುತ್ತದೆ. ಇವೆರಡೂ ಒಟ್ಟಿಗೆ ಸಿಗುವುದು ಅಪರೂಪ, ನನ್ನ ಶಿಫಾರಸಿಗೆ ಮುಖ್ಯ ಕಾರಣವೂ ಅದೇ. ನಡುಭಾಗದ ಕೆಳಗೆ ವೆಕ್ಟ್ರಾನ್ ಎಂಬ ಗಟ್ಟಿ ನೂಲಿನ ಪಟ್ಟಿ ಇದೆ. ಗಾಜಿನ ಚೂರು, ಸಣ್ಣ ತಂತಿ ಒಳಗಿಳಿಯುವುದನ್ನು ಅದು ಬಹಳಷ್ಟು ತಡೆಯುತ್ತದೆ. ಆದರೆ ಆ ಪಟ್ಟಿ ಇರುವುದು ರಸ್ತೆಗೆ ತಾಗುವ ಭಾಗದ ಕೆಳಗೆ ಮಾತ್ರ, ಸೈಡ್‌ವಾಲಿಗೆ ಅದರ ರಕ್ಷಣೆ ಇಲ್ಲ. ಇದರ ಸೈಡ್‌ವಾಲ್ ತೆಳು ಎಂಬ ದೂರು ನಿಜವೇ. ಇನ್ನೊಂದು ತೊಂದರೆ, ಕೆಲವು ರಿಮ್ಮುಗಳ ಮೇಲೆ ಕೂರಿಸಲು ತುಂಬ ಬಿಗಿ. ಬಿಗಿಯಾಗಿದ್ದರೆ ಗಾಳಿ ನಿಲ್ಲುತ್ತದೆ ನಿಜ, ಆದರೆ ರಸ್ತೆ ಬದಿಯಲ್ಲಿ ಒದ್ದೆ ಕೈಯಲ್ಲಿ ಬಿಚ್ಚಬೇಕಾದಾಗ ಕಷ್ಟ. ಇದೇ ಕುಟುಂಬದಲ್ಲಿ 2023ರಲ್ಲಿ ಬಂದ ಎಎಸ್ ಟಿಆರ್ ಎಂಬ ಮಾದರಿ ಇದೆ, ವರ್ಷವಿಡೀ ಎಲ್ಲ ಹವೆಯಲ್ಲಿ ಓಡಿಸುವವರಿಗೆಂದು ಮಾಡಿದ್ದು. ತೂಕ ಹೆಚ್ಚು, ಕೆಲವು ವ್ಯಾಟ್ ಹೆಚ್ಚು ತಿನ್ನುತ್ತದೆ, ಪಂಕ್ಚರ್ ಕಡಿಮೆ. ಮಳೆಗಾಲವಿಡೀ ಓಡಿಸುವವರಾದರೆ ಆ ತಿಂಗಳುಗಳಿಗೆ ಇದನ್ನು ಯೋಚಿಸಬಹುದು.

ಪಿ ಝೀರೋ ರೇಸ್ ಟಿಎಲ್‌ಆರ್‌ನಲ್ಲಿ ಅರಾಮಿಡ್ ಎಂಬ ಗಟ್ಟಿ ನಾರು ಬೆರೆಸಿದ ರಬ್ಬರಿನ ಪದರ ಒಂದು ಬೀಡಿನಿಂದ (ರಿಮ್ಮಿನೊಳಗೆ ಕೂರುವ ಟೈರಿನ ಅಂಚು) ಇನ್ನೊಂದು ಬೀಡಿನವರೆಗೆ ಒಳಗೆ ಹರಡಿಕೊಂಡಿದೆ. ಹಾಗಾಗಿ ಸೈಡ್‌ವಾಲಿಗೂ ಸ್ವಲ್ಪ ರಕ್ಷಣೆ ಸಿಗುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿತ ಬಹಳ ಚೆನ್ನ, ತಿರುವಿನಲ್ಲಿ ಓಡಿಸುವವರಿಗೆ ಧೈರ್ಯ ಕೊಡುವ ಟೈರು. ಉರುಳುವುದರಲ್ಲಿ ಎಸ್ ಟಿಆರ್‌ಗಿಂತ ಹಿಂದೆ.

ಕೋರ್ಸಾ ನೆಕ್ಸ್ಟ್ ಮಧ್ಯಮ ಮಾರ್ಗ: ಹಿಡಿತ ಚೆನ್ನ, ಬಾಳಿಕೆ ಚೆನ್ನ, ಉರುಳುವುದರಲ್ಲಿ ಇವುಗಳಲ್ಲಿ ಮುಂದಿಲ್ಲ. ಪ್ರೊ ಒನ್ ಕೂರಿಸಲು ಎಲ್ಲಕ್ಕಿಂತ ಸುಲಭ, ಓಟ ಮೃದು. ಸವೆತ ಮಾತ್ರ ಬೇಗ. ಹಿಂದಿನ ಚಕ್ರಕ್ಕೆ ಹಾಕಿದರೆ ಅದು ಬೇಗ ಕಣ್ಣಿಗೆ ಬೀಳುತ್ತದೆ.

ತೂಕದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. 28 ಮಿ.ಮೀ. ಅಳತೆಯಲ್ಲಿ ಇವೆಲ್ಲ ಸುಮಾರು 260ರಿಂದ 310 ಗ್ರಾಂ ನಡುವೆ ಬರುತ್ತವೆ. ಜೋಡಿಗೆ 100 ಗ್ರಾಂ ಹೆಚ್ಚೇ ಆಯಿತು ಎನ್ನಿ. 80 ಕೆ.ಜಿ.ಯಲ್ಲಿ 100 ಗ್ರಾಂ ಎಂದರೆ ಒಂದು ಗಂಟೆಯ ಘಾಟಿ ಹತ್ತುವಾಗ ಐದು ಸೆಕೆಂಡು ಕೂಡ ಇಲ್ಲ.

ಮಳೆಯ ಹಿಡಿತದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ: ಟೈರಿನ ಮೇಲೆ ಗೀರು, ಗಾಡಿ ಟೈರಿನಂಥ ಕಾಲುವೆ ಇದ್ದರೆ ನೀರು ಹೊರಹೋಗಿ ಹಿಡಿತ ಸಿಗುತ್ತದೆ ಎಂದು. ಕಾರಿಗೆ ಅದು ಸರಿ. ನೀರಿನ ಮೇಲೆ ಟೈರು ತೇಲಲು ಬೇಕಾದ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ವಿಮಾನದ ಚಕ್ರಗಳಿಗೆ ಬಳಸುವ ಸೂತ್ರವನ್ನು ಹಚ್ಚಿದರೆ 65 ಪಿಎಸ್‌ಐಗೆ ಅದು ಗಂಟೆಗೆ 130 ಕಿ.ಮೀ. ದಾಟುತ್ತದೆ. ಕಿರಿದಾದ, ದುಂಡನೆಯ ಸೈಕಲ್ ಟೈರು ನೀರನ್ನು ಸುಲಭವಾಗಿ ಪಕ್ಕಕ್ಕೆ ತಳ್ಳುವುದರಿಂದ ಇನ್ನೂ ಹೆಚ್ಚು. ಹಾಗಾಗಿ ನುಣ್ಣನೆಯ ಟೈರು ಮಳೆಗೆ ಅಪಾಯವಲ್ಲ. ಹಿಡಿತ ಕೊಡುವುದು ರಬ್ಬರಿನ ಬೆರಕೆ ಮತ್ತು ಗಾಳಿಯ ಮಟ್ಟ. ನೀವು 30ರ ವೇಗದಲ್ಲಿರುವಾಗ ಚಕ್ರ ಸೆಕೆಂಡಿಗೆ ಸುಮಾರು ನಾಲ್ಕು ಸುತ್ತು ತಿರುಗುತ್ತದೆ. ಟೈರು ಮಡಿಚಿ ಬಿಚ್ಚುವ ಲಯ ಅಷ್ಟು ನಿಧಾನ. ಡಾಂಬರಿನ ಸಣ್ಣ ಕಣಗಳ ಮೇಲೆ ಜಾರುವಾಗ ರಬ್ಬರಿನ ಹೊರಮೈ ಸೆಕೆಂಡಿಗೆ ಸಾವಿರಗಟ್ಟಲೆ ಬಾರಿ ಅದುರುತ್ತದೆ. ನಿಧಾನದ ಲಯದಲ್ಲಿ ಶಕ್ತಿ ನುಂಗದೆ, ವೇಗದ ಲಯದಲ್ಲಿ ಮಾತ್ರ ನುಂಗುವ ರಬ್ಬರೇ ಒಳ್ಳೆಯ ರಬ್ಬರು. ಸಿಲಿಕಾ ಬೆರೆಸುವುದು ಇದಕ್ಕೇ. ದುಬಾರಿ ಟೈರಿಗೂ ಅಗ್ಗದ ಟೈರಿಗೂ ನಿಜವಾದ ಅಂತರ ಇರುವುದು ಇಲ್ಲಿ.

ಅಗಲದ ವಿಷಯ. ಟೈರಿನ ಮೇಲೆ 28 ಎಂದಿದ್ದರೂ ನಿಮ್ಮ ರಿಮ್ಮಿನ ಮೇಲೆ ಅದು 28 ಇರುವುದಿಲ್ಲ. ಈಗಿನ ಅಳತೆಯ ನಿಯಮದಲ್ಲಿ 28ರ ಟೈರನ್ನು 19 ಮಿ.ಮೀ. ಒಳ ಅಗಲದ ರಿಮ್ಮಿಗೆ ಲೆಕ್ಕ ಹಾಕುತ್ತಾರೆ. ರಿಮ್ಮು ಒಂದು ಮಿ.ಮೀ. ಅಗಲವಾದರೆ ಟೈರು ಸುಮಾರು 0.4 ಮಿ.ಮೀ. ಹಿಗ್ಗುತ್ತದೆ. ನಿಮ್ಮ 21ಕ್ಕೆ ಅದು 28.8ರ ಹತ್ತಿರ. ಹೊಸ ಟೈರು ಒಂದು ದಿನ ಗಾಳಿಯಲ್ಲಿದ್ದ ಮೇಲೆ ಇನ್ನೂ ತುಸು ಹಿಗ್ಗುತ್ತದೆ, ಹಾಗಾಗಿ 24 ಗಂಟೆ ಬಿಟ್ಟು ಕ್ಯಾಲಿಪರ್ ಹಿಡಿದು ಅಳೆಯಿರಿ. ಫ್ರೇಮು, ಫೋರ್ಕುಗಳಿಗೂ ಟೈರಿಗೂ ನಡುವೆ ಎರಡೂ ಪಕ್ಕ, ಮೇಲೂ 4 ಮಿ.ಮೀ. ಜಾಗ ಉಳಿಯಬೇಕು. ಉಳಿಯದಿದ್ದರೆ ಕೆಸರು, ಸಣ್ಣ ಕಲ್ಲು ಸಿಕ್ಕಿಕೊಂಡು ಫ್ರೇಮನ್ನು ಉಜ್ಜಿ ತೆಗೆಯುತ್ತವೆ. ನಿಮ್ಮ ಫ್ರೇಮಿಗೆ 30 ಮಿ.ಮೀ. ಕೂಡ ಹಿಡಿಯುತ್ತದೆ. ರಸ್ತೆ ಕೆಟ್ಟದ್ದಾದರೆ ಹಿಂದೆಮುಂದೆ ನೋಡದೆ 30 ಹಾಕಿ, ಗಾಳಿ ಇನ್ನೊಂದು 5 ಪಿಎಸ್‌ಐ ಇಳಿಸಿ. 40ರ ವೇಗದಲ್ಲಿ ಒಬ್ಬರೇ ಹೊಡೆಯುವವರು ಮಾತ್ರ ಇನ್ನೊಂದನ್ನು ನೋಡಬೇಕು: ರಿಮ್ಮಿನ ಹೊರ ಅಗಲ ಟೈರಿನ ಅಗಲದ 105 ಶೇಕಡಾ ಇದ್ದರೆ ಗಾಳಿ ಟೈರಿನಿಂದ ರಿಮ್ಮಿಗೆ ಅಂಟಿಕೊಂಡು ಹರಿಯುತ್ತದೆ, ಟೈರು ಅದಕ್ಕಿಂತ ದಪ್ಪಗಾದರೆ ಆ ಲಾಭ ಕೈತಪ್ಪುತ್ತದೆ.

ನಿಮ್ಮದು ಹುಕ್ ಇರುವ ರಿಮ್ಮಾದ್ದರಿಂದ ನಿರಾಳ. ಮುಂದೆಂದಾದರೂ ಹುಕ್‌ಲೆಸ್ ಚಕ್ರ ಕೊಂಡರೆ ಮೂರು ನಿಯಮ ಮರೆಯಬೇಡಿ: ಹುಕ್‌ಲೆಸ್‌ಗೆ ಒಪ್ಪುತ್ತದೆ ಎಂದು ಕಂಪನಿ ಬರೆದ ಟೈರು ಮಾತ್ರ, 5 ಬಾರ್ ಅಂದರೆ 72 ಪಿಎಸ್‌ಐ ಮೀರದ ಗಾಳಿ, ಮತ್ತು ರಿಮ್ಮಿನ ಒಳ ಅಗಲ 25 ಆಗಿದ್ದರೆ ಟೈರು ಕನಿಷ್ಠ 29 ಮಿ.ಮೀ. 5000ದ ಟ್ಯೂಬ್ ಮಾದರಿಯನ್ನು ಹುಕ್‌ಲೆಸ್ ರಿಮ್ಮಿಗೆ ಯಾವ ಕಾರಣಕ್ಕೂ ಹಾಕಬಾರದು, ಬೀಡು ಹಾರಿ ಟೈರು ಕಳಚಿಕೊಳ್ಳಬಹುದು.

ಟ್ಯೂಬ್‌ಲೆಸ್ ಮಾಡಿಸಲೇಬೇಕೇ ಎಂಬ ಪ್ರಶ್ನೆಗೆ: ಬೇಕೇಬೇಕು ಎಂದಿಲ್ಲ. ಬ್ಯುಟೈಲಿನಿಂದ ಲೇಟೆಕ್ಸಿಗೆ ಹೋದರೆ ಒಂದು ಚಕ್ರಕ್ಕೆ ಸುಮಾರು 1.5ರಿಂದ 2.5 ವ್ಯಾಟ್ ಉಳಿಯುತ್ತದೆ, ಟ್ಯೂಬ್‌ಲೆಸ್‌ನ ಬಹುತೇಕ ಲಾಭ ಅಲ್ಲೇ ಬಂದುಬಿಡುತ್ತದೆ. ಗಮನಿಸಿ, ನಾಲ್ಕು ಟೈರುಗಳ ನಡುವೆ ನೀವು ಅಳೆದು ತೂಗುತ್ತಿರುವ ಅಂತರವೂ ಇಷ್ಟೇ. ಲೇಟೆಕ್ಸಿನ ತೊಂದರೆ, ರಾತ್ರಿ ಕಳೆಯುವುದರೊಳಗೆ 10 ಪಿಎಸ್‌ಐಗಿಂತ ಹೆಚ್ಚು ಇಳಿದಿರುತ್ತದೆ. ಪ್ರತಿ ಸವಾರಿಗೂ ಮುಂಚೆ ಗಾಳಿ ಹಾಕಲೇಬೇಕು. ರಿಮ್ ಟೇಪು ಎಲ್ಲೂ ಸರಿದಿರಬಾರದು, ಸ್ಪೋಕಿನ ತೂತಿನ ಅಂಚು ಕಂಡರೆ ಲೇಟೆಕ್ಸು ಅದರೊಳಗೆ ಉಬ್ಬಿ ಒಡೆಯುತ್ತದೆ. ಟಿಪಿಯು ಟ್ಯೂಬು 25ರಿಂದ 40 ಗ್ರಾಂ, ಬ್ಯುಟೈಲಿನದು ಸುಮಾರು 100. ಗಾಳಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಟೈರಿನ ಹೊರಗೆ ಅದಕ್ಕೆ ಗಾಳಿ ತುಂಬಬಾರದು, ಒಮ್ಮೆ ಹಿಗ್ಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಮಾಮೂಲಿ ಪ್ಯಾಚು ಅದಕ್ಕೆ ಅಂಟುವುದಿಲ್ಲ, ಅದರದೇ ಪ್ಯಾಚು ಇಟ್ಟುಕೊಳ್ಳಿ.

ಟ್ಯೂಬ್‌ಲೆಸ್‌ನ ನಿಜವಾದ ಉಪಕಾರ ಮುಳ್ಳು ಮತ್ತು ಸಣ್ಣ ತಂತಿಗಳ ವಿಷಯದಲ್ಲಿ. ಅವು ಮಾಡುವ ಚುಚ್ಚು ತೂತನ್ನು ಟೈರಿನೊಳಗೆ ಹಾಕಿರುವ ಸೀಲೆಂಟ್ ಎಂಬ ದ್ರವ ನಿಮಗೆ ಗೊತ್ತಾಗುವ ಮೊದಲೇ ಮುಚ್ಚುತ್ತದೆ. ಕಡಿಮೆ ಗಾಳಿಯಲ್ಲಿ ಗುಂಡಿಗೆ ಬಿದ್ದರೆ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಎರಡು ಸೀಳು ಬೀಳುವ ತೊಂದರೆಯೂ ಇಲ್ಲ. ಆದರೆ ರೋಡ್ ಟೈರಿನ ಗಾಳಿಯ ಮಟ್ಟದಲ್ಲಿ ಸೀಲೆಂಟಿಗೆ ಒಂದು ಮಿತಿ ಇದೆ. 60 ಪಿಎಸ್‌ಐ ಮೇಲಿದ್ದರೆ 3 ಮಿ.ಮೀ. ಸೀಳಿನಿಂದ ಅದು ಹೊರಗೆ ಚಿಮ್ಮುತ್ತಲೇ ಇರುತ್ತದೆ, ಗಟ್ಟಿಯಾಗಲು ಬಿಡುವೇ ಸಿಗುವುದಿಲ್ಲ. ಆಗ ಚಕ್ರವನ್ನು ತಿರುಗಿಸಿ ತೂತನ್ನು ಕೆಳಗೆ ತನ್ನಿ, ಗಾಳಿ 30-40ಕ್ಕೆ ಇಳಿಯಲು ಬಿಡಿ. ಹೆಚ್ಚಿನ ಸಲ ಅಲ್ಲಿ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ 1.5 ಮಿ.ಮೀ. ಪ್ಲಗ್ (ತೂತು ತುಂಬುವ ರಬ್ಬರಿನ ಎಳೆ) ತೂರಿಸಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸುವವರು ತಿಳಿದಿರಿ, ಲೇಟೆಕ್ಸ್ ಆಧಾರದ ಅನೇಕ ಸೀಲೆಂಟುಗಳು ಆ ತಣ್ಣನೆ ಅನಿಲ ತಾಗಿದರೆ ಗಟ್ಟಿ ಉಂಡೆಗಳಾಗುತ್ತವೆ. ವಾಲ್ವು ಮೇಲಿರುವಂತೆ ಚಕ್ರ ನಿಲ್ಲಿಸಿ ತುಂಬಿದರೆ ಹಾನಿ ಕಡಿಮೆ.

ಕೂರಿಸುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚಿನವರು ಸೋಲುವುದು ಇಲ್ಲಿ. ನಿಮ್ಮ 21 ಮಿ.ಮೀ. ರಿಮ್ಮಿಗೆ 23ರಿಂದ 25 ಮಿ.ಮೀ. ಅಗಲದ ಟೇಪು ಬೇಕು. ರಿಮ್ಮನ್ನು ಸ್ಪಿರಿಟ್ಟಿನಿಂದ ಒರೆಸಿ, ಟೇಪನ್ನು ಜಗ್ಗಿ ಹಿಡಿದು ಎರಡು ಸುತ್ತು ಹಾಕಿ, ಪ್ರತಿ ಗೇಣಿಗೂ ಹೆಬ್ಬೆರಳಿನಿಂದ ತೀಡಿ. ವಾಲ್ವಿನ ತೂತನ್ನು ಬ್ಲೇಡಿನಿಂದ ಕತ್ತರಿಸಬೇಡಿ, ಕತ್ತರಿಸಿದ ಅಂಚು ಮುಂದೆ ಹರಿಯುತ್ತದೆ; ಚೂಪು ದಬ್ಬಳದಿಂದ ಚುಚ್ಚಿ ವಾಲ್ವನ್ನೇ ಒತ್ತಿ ತೂರಿಸಿ. ವಾಲ್ವಿನ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ, ಪ್ಲೈಯರು ಬೇಡ.

ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣವಿದ್ದರೆ ಮೊದಲು ಅದನ್ನು ನೋಡಿ. ಕಂಪನಿಯ ಹೆಸರು ವಾಲ್ವಿನ ಪಕ್ಕದಲ್ಲೇ ಬರಲಿ. ಅಂದಕ್ಕಲ್ಲ, ಟ್ಯೂಬಿನಲ್ಲಿ ತೂತು ಎಲ್ಲಿದೆ ಎಂದು ಗೊತ್ತಾದಾಗ ಟೈರಿನಲ್ಲಿ ಮುಳ್ಳು ಎಲ್ಲಿದೆ ಎಂದು ಇದರಿಂದ ಕೂಡಲೇ ತಿಳಿಯುತ್ತದೆ. ಬೀಡು ಹತ್ತಿಸುವುದನ್ನು ವಾಲ್ವಿನ ಎದುರು ಭಾಗದಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಒಂದು ಗೇಣು ಬಿಗಿಯಾಗಿ ನಿಂತರೆ ಜೋರು ಮಾಡಬೇಡಿ, ಲೋಹದ ಲಿವರಿಗೂ ಕೈ ಹಾಕಬೇಡಿ. ಎದುರು ಭಾಗಕ್ಕೆ ಹಿಂತಿರುಗಿ, ಎರಡೂ ಬೀಡುಗಳನ್ನು ಚಿವುಟಿದಂತೆ ಒಳಕ್ಕೆ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸುತ್ತ ಎರಡೂ ಕಡೆಯಿಂದ ವಾಲ್ವಿನತ್ತ ಬನ್ನಿ. ಆ ತಗ್ಗಿನ ಆಳವೇ ನಿಮಗೆ ಬೇಕಾದ ಸಡಿಲ ಕೊಡುತ್ತದೆ. ಬೀಡು ಮೇಲಿನ ಅಂಚಿನಲ್ಲೇ ಕೂತಿದ್ದರೆ ಎಂಥ ಗಟ್ಟಿ ಕೈಯೂ ಸೋಲುತ್ತದೆ.

ಆಮೇಲೆ ವಾಲ್ವಿನ ಕೋರ್ (ಒಳಗಿನ ಬಿಚ್ಚಬಹುದಾದ ಭಾಗ) ತೆಗೆದು, ಬೀಡಿಗೆ ಸೋಪಿನ ನೀರು ಸವರಿ, ಜೋರಾಗಿ ಗಾಳಿ ನುಗ್ಗಿಸಿ. ಒಂದೆರಡು ಸಲ ಟಪ್ ಎಂಬ ಸದ್ದು ಬರುತ್ತದೆ. ಟೈರಿನ ಮಿತಿ, ರಿಮ್ಮಿನ ಮಿತಿ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬೇಡಿ. ಟೈರಿನ ಸುತ್ತಲೂ ರಿಮ್ಮಿನ ಪಕ್ಕದಲ್ಲೇ ಒಂದು ತೆಳು ಗೆರೆ ಮೂಡಿಸಿರುತ್ತಾರೆ. ಅದು ಎಲ್ಲ ಕಡೆ ಒಂದೇ ಎತ್ತರದಲ್ಲಿ ಕಾಣಬೇಕು. ಎಲ್ಲಾದರೂ ಒಳಗಿಳಿದಿದ್ದರೆ ಬೀಡು ಕೂತಿಲ್ಲ. ಗಾಳಿ ಬಿಟ್ಟು, ಅಲ್ಲಿ ಮತ್ತೆ ಸೋಪು ಸವರಿ ಇನ್ನೊಮ್ಮೆ ಹಾಕಿ. ಸರಿಯಾದ ಮೇಲೆ ಗಾಳಿ ತೆಗೆದು ವಾಲ್ವಿನ ಮೂಲಕ 30ರಿಂದ 40 ಮಿ.ಲೀ. ಸೀಲೆಂಟ್ ಹಾಕಿ, ಕೋರ್ ಹಾಕಿ, ಗಾಳಿ ತುಂಬಿ, ಚಕ್ರವನ್ನು ಎರಡೂ ಮಗ್ಗುಲಿಗೆ ಮಲಗಿಸಿ ಐದೈದು ನಿಮಿಷ ಬಿಡಿ. ಮೊದಲ ರಾತ್ರಿ 10-15 ಪಿಎಸ್‌ಐ ಇಳಿದರೆ ಗಾಬರಿ ಬೇಡ, ಒಂದು ಸವಾರಿ ಆದ ಮೇಲೆ ನಿಲ್ಲುತ್ತದೆ. ಸ್ಪೋಕಿನ ನಿಪ್ಪಲ್ಲಿನ ಹತ್ತಿರ ಗುಳ್ಳೆ ಬಂದರೆ ಮಾತ್ರ ತಪ್ಪು ಟೇಪಿನದು. ಎಷ್ಟು ಸೀಲೆಂಟ್ ಸುರಿದರೂ ಸರಿಹೋಗುವುದಿಲ್ಲ, ಟೇಪು ಬದಲಾಯಿಸಬೇಕು. ಸೀಲೆಂಟ್ ಒಣಗುತ್ತದೆ, ಬಿಸಿಲಿನ ತಿಂಗಳುಗಳಲ್ಲಿ ಬೇಗ. ಎರಡು ಮೂರು ತಿಂಗಳಿಗೊಮ್ಮೆ ನೋಡಿ 20-30 ಮಿ.ಲೀ. ಸೇರಿಸಿ. ಬಿಡಿ ಟ್ಯೂಬು ಒಂದು ಜೊತೆಗಿರಲೇಬೇಕು. ರಸ್ತೆಯಲ್ಲಿ ಅದನ್ನು ಒಳಗೆ ಹಾಕುವ ಮುಂಚೆ ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಪೂರ್ತಿ ಸವರಿ. ಸೀಲೆಂಟ್ ತಿಂಗಳುಗಟ್ಟಲೆ ಮುಚ್ಚಿಟ್ಟ ಹಳೆಯ ಮುಳ್ಳುಗಳು ಅಲ್ಲೇ ಚುಚ್ಚಿಕೊಂಡಿರುತ್ತವೆ. ಒಂದು ಬಿಟ್ಟರೂ ಹೊಸ ಟ್ಯೂಬು ನೂರು ಮೀಟರ್ ಹೋಗುವುದಿಲ್ಲ.

ಗಾಳಿ. ನಿಮ್ಮ 80 ಕೆ.ಜಿ.ಗೆ, ಅಳತೆಯಲ್ಲಿ 29 ಮಿ.ಮೀ. ಹತ್ತಿರ ಬರುವ ಟೈರಿಗೆ, ಮುಂದೆ 62, ಹಿಂದೆ 66 ಪಿಎಸ್‌ಐ ಇಟ್ಟು ಶುರುಮಾಡಿ. ಟ್ಯೂಬಿದ್ದರೆ ಎರಡಕ್ಕೂ 3-4 ಸೇರಿಸಿ. ಪರಿಚಯದ ಒಂದೇ ರಸ್ತೆಯಲ್ಲಿ ಎರಡೆರಡು ಪಿಎಸ್‌ಐ ಬದಲಿಸುತ್ತ ನೋಡಿ. ಒರಟು ತಿರುವಿನಲ್ಲಿ ಮುಂದಿನ ಚಕ್ರ ಕುಪ್ಪಳಿಸಿದರೆ, ಹ್ಯಾಂಡಲ್ಲು ಝುಮ್ ಎನ್ನುತ್ತಿದ್ದರೆ ಹೆಚ್ಚಾಗಿದೆ. ಎದ್ದು ನಿಂತು ತುಳಿಯುವಾಗ ಹಿಂಭಾಗ ಓಲಾಡಿದರೆ, ತಿರುವಿನಲ್ಲಿ ಬೈಕು ತಡವಾಗಿ ವಾಲಿದಂತಾದರೆ ಕಡಿಮೆಯಾಗಿದೆ. ಮಳೆಯಲ್ಲಿ ಇನ್ನೂ 3-5 ಇಳಿಸಿ. ಹವೆ 10 ಡಿಗ್ರಿ ಏರಿದರೆ ಟೈರಿನಲ್ಲಿ ಸುಮಾರು 3 ಪಿಎಸ್‌ಐ ಏರುತ್ತದೆ, ಬೆಳಗಿನ ಚಳಿಯಲ್ಲಿ ಹಾಕಿ ಮಧ್ಯಾಹ್ನದ ಬಿಸಿಲಿಗೆ ಹೋಗುವವರು ಲೆಕ್ಕಕ್ಕೆ ತೆಗೆದುಕೊಳ್ಳಿ. ಪಂಪಿನ ಮುಳ್ಳು 5 ಪಿಎಸ್‌ಐವರೆಗೆ ತಪ್ಪು ತೋರಿಸುವುದು ಸಾಮಾನ್ಯ. ಯಾವಾಗಲೂ ಒಂದೇ ಪಂಪಿನಲ್ಲಿ ಅಳೆದರೆ ಆ ತಪ್ಪಿನಿಂದ ತೊಂದರೆಯಿಲ್ಲ.

ಬಾಳಿಕೆಯ ಬಗ್ಗೆ. ನೈಲಾನ್ ಬಟ್ಟೆಯ ಈ ದರ್ಜೆಯ ಟೈರು ಹಿಂದಿನ ಚಕ್ರದಲ್ಲಿ 4000ದಿಂದ 6000 ಕಿ.ಮೀ. ಬಂದರೆ ಸರಿಯಾಗಿ ಬಂದಂತೆ. ಮುಂದಿನದು ಅದರ ಎರಡರಷ್ಟು ಬರುತ್ತದೆ. ಕಾಂಟಿನೆಂಟಲಿನಲ್ಲಿ ನಡುಭಾಗದ ಮೇಲೆ ಎರಡು ಸಣ್ಣ ಗುಳಿಗಳಿವೆ, ಅವು ಅಳಿಸಿಹೋದ ದಿನ ಟೈರಿನ ಆಯುಷ್ಯ ಮುಗಿಯಿತು. ಗುರುತಿಲ್ಲದ ಟೈರಿನಲ್ಲಿ ನಡುಭಾಗ ಚಪ್ಪಟೆಯಾಗಿ ಅಂಚು ಎದ್ದು ಕಂಡರೆ, ದಾರ ಇಣುಕಿದರೆ ತೆಗೆಯಿರಿ. ಹಿಂದಿನದು ಸವೆದಾಗ ಹೊಸದನ್ನು ಹಿಂದಕ್ಕೆ ಹಾಕಬೇಡಿ. ಮುಂದಿನದನ್ನು ಹಿಂದಕ್ಕೆ ತಂದು ಹೊಸದನ್ನು ಮುಂದಕ್ಕೆ ಹಾಕಿ. ಮುಂದಿನ ಚಕ್ರ ಜಾರಿದರೆ ಬೈಕನ್ನು ಹಿಡಿದು ನಿಲ್ಲಿಸಲು ಆಗುವುದಿಲ್ಲ, ಒಳ್ಳೆಯ ರಬ್ಬರು ಅಲ್ಲಿರಬೇಕು. ಈ ಕ್ರಮದಲ್ಲಿ ನಡೆದರೆ ಮೊದಲ ಜೋಡಿಯ ನಂತರ ಪ್ರತಿ ಸಲ ಕೊಳ್ಳುವುದು ಒಂದೇ ಟೈರು.

ಒದ್ದೆ ಸವಾರಿಯ ನಂತರ ಮೈಯೆಲ್ಲ ಕಣ್ಣಾಗಿ ಟೈರು ನೋಡಿ. ನೀರು ಗಾಜಿನ ಚೂರಿಗೆ ಎಣ್ಣೆಯಂತೆ ಕೆಲಸ ಮಾಡುತ್ತದೆ, ಒಣ ರಸ್ತೆಯಲ್ಲಿ ಸಿಡಿದು ಹೋಗುತ್ತಿದ್ದ ಚೂರು ರಬ್ಬರಿನೊಳಗೆ ಜಾರಿ ಕೂರುತ್ತದೆ. ಒಂದೇ ದಿನದಲ್ಲಿ ಅದು ತೂತು ಮಾಡುವುದಿಲ್ಲ, ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಒಳಗೆ ಹೋಗುತ್ತ ವಾರದ ಮೇಲೆ ಮಾಡುತ್ತದೆ. ಗಾಳಿ ಅರ್ಧ ಇಳಿಸಿ, ಟೈರನ್ನು ಬಾಗಿಸಿ ಸೀಳು ಬಾಯಿ ತೆರೆಯುವಂತೆ ಮಾಡಿ ಪಿನ್ನಿನಿಂದ ಕಿತ್ತು ತೆಗೆಯಿರಿ. ಸೀಳು ರಬ್ಬರಿನಲ್ಲಷ್ಟೇ ಇದ್ದರೆ ಒಂದು ಹನಿ ಸೂಪರ್ ಗ್ಲೂ ಬಿಟ್ಟು ಒತ್ತಿ ಹಿಡಿಯಿರಿ. ಅದು ಟೈರಿಗೆ ಬಲ ಕೊಡುವುದಿಲ್ಲ, ಮರಳು ಒಳಗೆ ಹೋಗದಂತೆ ತಡೆಯುತ್ತದೆ. ಸೀಳಿನ ತಳದಲ್ಲಿ ಕಡಿದ ದಾರ ಕಂಡರೆ ಒಳಗಿನಿಂದ ಹಳೆಯ ಟೈರಿನ ತುಂಡು ಇಟ್ಟು ಮನೆಗೆ ಬರುವಷ್ಟು ಓಡಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. ಸೈಡ್‌ವಾಲಿನಲ್ಲಿ ಉಬ್ಬು ಕಂಡರೆ ಅಷ್ಟೂ ಬೇಡ. ಗಾಳಿ ಬಿಟ್ಟು ಟೈರು ಬಿಚ್ಚಿ, ಇನ್ನೊಂದು ಹಾಕದೆ ಹೊರಡಬೇಡಿ.